ಬ್ರಷ್ ಹಿಡಿದವರು, ಸಹಿ ಹಾಕಿದವರು

ನನ್ನ ಮಗಳ ಹೈಸ್ಕೂಲಿನಲ್ಲಿ ರೇಡಿಯಂ ಕಾರ್ಖಾನೆಯ ಹುಡುಗಿಯರ ಬಗ್ಗೆ ಒಂದು ನಾಟಕ ಆಡಿದರು. ಹೈಸ್ಕೂಲ್ ಮಕ್ಕಳಿಗೆ ಇಷ್ಟು ಘೋರವಾದ ನಾಟಕ ಬೇಕಿತ್ತಾ ಅಂತ ನಮ್ಮ ನ್ಯೂಜೆರ್ಸಿ ಕನ್ನಡಿಗರ ವಾಟ್ಸಾಪ್ ಗ್ರೂಪಿನಲ್ಲಿ ಮೊನ್ನೆಯಿಂದ ಚರ್ಚೆ ನಡೆಯುತ್ತಿದೆ. ಬೇಕಿತ್ತು ಅನ್ನುವವಳು ನಾನು. ಅಲ್ಲಿ ಬರೆದರೆ ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಕಳೆದುಹೋಗುತ್ತದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಇದು ಇಲ್ಲೇ, ನ್ಯೂಜೆರ್ಸಿಯ ಆರೆಂಜ್ ಊರಿನಲ್ಲಿ ನಡೆದ ಕತೆ. 1917ರಲ್ಲಿ ಅಲ್ಲೊಂದು ರೇಡಿಯಂ ಕಾರ್ಖಾನೆ ಶುರುವಾಯಿತು. ಅಪಾಯಕಾರಿ ವಿಕಿರಣ ಸೂಸುವ ರೇಡಿಯಂ ಬೆರೆಸಿದ, ಕತ್ತಲಲ್ಲಿ ಹೊಳೆಯುವ ಬಣ್ಣದಿಂದ ವಾಚಿನ ಡಯಲ್‌ಗಳ ಮೇಲೆ ಅಂಕಿ ಬರೆಯುವ ಕೆಲಸ. ಮಾಡುತ್ತಿದ್ದವರು ಹುಡುಗಿಯರು. ಗ್ರೇಸ್ ಫ್ರೈಯರ್ ಕೆಲಸಕ್ಕೆ ಸೇರಿದಾಗ ಅವಳಿಗೆ 18 ವರ್ಷ. ಅವಳಿಗಿಂತ ಚಿಕ್ಕವರೂ ಇದ್ದರು.

ಸ್ಟೇಜ್ ಮೇಲೆ ನನ್ನ ಮಗಳು, ಅವಳ ಗೆಳತಿಯರು ಸಾಲಾಗಿ ಕೂತಿದ್ದಾರೆ. ಬ್ರಷ್ಷನ್ನು ತುಟಿಗಿಟ್ಟು ಚೂಪು ಮಾಡುವುದು, ಬಣ್ಣಕ್ಕೆ ಅದ್ದುವುದು, ಅಂಕಿ ಬರೆಯುವುದು, ಮತ್ತೆ ತುಟಿಗೆ. ಮಾತೇ ಇಲ್ಲ, ಕೈಗಳ ವೇಗ ಮಾತ್ರ ಏರುತ್ತಾ ಹೋಗುತ್ತದೆ. ಯಾಕಂದ್ರೆ ಕೂಲಿ ಡಯಲ್ ಲೆಕ್ಕದಲ್ಲಿ. ಬ್ರಷ್ ತೊಳೆಯುತ್ತಾ ಕೂತರೆ ಹೊತ್ತೂ ದಂಡ, ದುಬಾರಿ ಬಣ್ಣವೂ ದಂಡ. ತುಟಿಗಿಡಿ ಅಂತ ಹೇಳಿಕೊಟ್ಟವರೂ ಕಾರ್ಖಾನೆಯವರೇ.

ಮಧ್ಯಂತರದಲ್ಲಿ ಪಕ್ಕದಲ್ಲಿದ್ದವರೊಬ್ಬರು, "ಪಾಪ, ಆಗ ಯಾರಿಗೂ ಗೊತ್ತಿರಲಿಲ್ಲ ಅಲ್ವಾ" ಅಂದರು. ಗೊತ್ತಿತ್ತು ಸ್ವಾಮಿ! ಅದೇ ಕಂಪನಿಯ ಕೆಮಿಸ್ಟ್‌ಗಳು ಸೀಸದ ಪರದೆ ಅಡ್ಡ ಇಟ್ಟುಕೊಂಡು, ಇಕ್ಕಳದಲ್ಲಿ ರೇಡಿಯಂ ಹಿಡಿಯುತ್ತಿದ್ದರು. 1922ರಲ್ಲಿ ಮಾಲಿ ಮ್ಯಾಗಿಯಾ ಎಂಬ ಹುಡುಗಿ ದವಡೆ ಕೊಳೆತು ಸತ್ತಳು. ಸಾವಿಗೆ ಕಾರಣ ಸಿಫಿಲಿಸ್ ಎಂಬ ಲೈಂಗಿಕ ರೋಗ ಅಂತ ಬರೆದರು. ಸತ್ತ ಮೇಲೆ ಮರ್ಯಾದೆಯನ್ನೂ ಉಳಿಸಲಿಲ್ಲ. 1924ರಲ್ಲಿ ಹಾರ್ವರ್ಡ್‌ನ ಸೆಸಿಲ್ ಡ್ರಿಂಕರ್ ಕಾರ್ಖಾನೆಯನ್ನು ನೋಡಿ, ತೊಂದರೆ ರೇಡಿಯಂನಿಂದಲೇ ಅಂತ ವರದಿ ಕೊಟ್ಟರು. ಕಂಪನಿ ಅದನ್ನು ಮುಚ್ಚಿಟ್ಟು, ಹುಡುಗಿಯರೆಲ್ಲ ಆರೋಗ್ಯವಾಗಿದ್ದಾರೆ ಅಂತ ತಿರುಚಿದ ಮಾಹಿತಿಯನ್ನು ಕಾರ್ಮಿಕ ಇಲಾಖೆಗೆ ಕಳಿಸಿತು.

ನಾಟಕದ ಬಗ್ಗೆ ನನ್ನ ತಕರಾರು ಒಂದೇ. ಕಂಪನಿಯ ಅಧ್ಯಕ್ಷನನ್ನು ಹಳೇ ಸಿನಿಮಾದ ಖಳನಾಯಕನ ಹಾಗೆ ಕೂಗಾಡಿಸಿದ್ದಾರೆ. ಹುಡುಗ ಚೆನ್ನಾಗಿಯೇ ಮಾಡಿದ, ಅದು ಬೇರೆ ಮಾತು. ಆದರೆ ಇಂಥ ಕೆಲಸಕ್ಕೆ ಕೂಗಾಟ ಬೇಕಾಗಿಲ್ಲ. ಮೃದುವಾಗಿ ಮಾತಾಡಿಕೊಂಡು, ಟೈ ಸರಿಮಾಡಿಕೊಂಡು ಸಹಿ ಹಾಕಿದರೆ ಸಾಕು. ನಮ್ಮವರ ಮಕ್ಕಳಲ್ಲಿ ಹೆಚ್ಚಿನವರು ನಾಳೆ ಬ್ರಷ್ ಹಿಡಿಯುವವರಲ್ಲ, ಸಹಿ ಹಾಕುವವರು. ಎಂಜಿನಿಯರ್, ಮ್ಯಾನೇಜರ್ ಮಾಡಬೇಕು ಅಂತ ತಾನೇ ನಾವೆಲ್ಲ ಒದ್ದಾಡುತ್ತಿರುವುದು? ಹಾಗಾಗಿ ಆ ಪಾತ್ರ ಮಕ್ಕಳಿಗೆ ತೀರಾ ಪರಕೀಯ ಅನ್ನಿಸಬಾರದು. ನೋಡುವವರಿಗೂ ಅಷ್ಟೇ.

ಗ್ರೇಸ್ ಮತ್ತು ಇನ್ನು ನಾಲ್ವರು ಕಂಪನಿಯ ಮೇಲೆ ಹಾಕಿದ್ದ ಕೇಸು ಮುಗಿದದ್ದು 1928ರಲ್ಲಿ, ರಾಜಿಯಲ್ಲಿ. ಆ ಐದು ಜನರಿಗೆ ತಲಾ 10,000 ಡಾಲರ್, ಬದುಕಿರುವ ತನಕ ವರ್ಷಕ್ಕೆ 600, ಆಸ್ಪತ್ರೆ ಖರ್ಚು. ತಪ್ಪು ಒಪ್ಪಿಕೊಳ್ಳುವ ಮಾತು ಕಂಪನಿಯಿಂದ ಬರಲಿಲ್ಲ. ಗ್ರೇಸ್ 1933ರಲ್ಲಿ ತೀರಿಕೊಂಡಳು.

ಶನಿವಾರ ಸಂಜೆ ಇನ್ನೊಂದು ಪ್ರದರ್ಶನ ಇದೆ. ಗ್ರೂಪಿನಲ್ಲಿ ಬೇಡ ಅಂದವರೇ ಮೊದಲು ಬನ್ನಿ, ಮಕ್ಕಳನ್ನೂ ಕರೆತನ್ನಿ. ಟಿಕೆಟ್ ಬಾಗಿಲಲ್ಲೇ ಸಿಗುತ್ತದೆ.