ಅವರ ಬಾಟಲಿ, ನಮ್ಮ ಡಬ್ಬಿ

ಓಹಾಯೋದ ಕೊಲಂಬಸ್‌ಗೆ ಹೋದ ಮೊದಲ ವರ್ಷ ಕ್ರಿಸ್‌ಮಸ್ ದಿನ ಪಕ್ಕದ ಮನೆಯ ಅಜ್ಜಿ ಒಂದು ಗಾಜಿನ ಬಾಟಲಿ ತಂದುಕೊಟ್ಟರು. ಒಳಗೆ ಪದರ ಪದರವಾಗಿ ಮೈದಾ, ಓಟ್ಸ್, ಕಂದು ಸಕ್ಕರೆ, ತುದಿಯಲ್ಲಿ ಚಾಕೊಲೇಟ್ ಚೂರು. ಕೊರಳಿಗೆ ಕೆಂಪು ರಿಬ್ಬನ್, ರಿಬ್ಬನ್ನಿಗೊಂದು ಚೀಟಿ. ಚೆಂದ ಕಂಡಿತು, ಟಿವಿ ಪಕ್ಕ ಇಟ್ಟೆವು. ಮೇ ತಿಂಗಳಲ್ಲಿ ಧೂಳು ಒರೆಸುವಾಗ ನನ್ನ ಹೆಂಡತಿ ಚೀಟಿ ಓದಿದಳು. ಇದಕ್ಕೆ ಒಂದು ತತ್ತಿ, ಇಷ್ಟು ಬೆಣ್ಣೆ ಕಲಸಿ ಓವನ್ನಿನಲ್ಲಿ ಇಟ್ಟರೆ ಬಿಸ್ಕತ್ತು ಆಗುತ್ತದಂತೆ! ಅಷ್ಟರಲ್ಲಿ ಕಂದು ಸಕ್ಕರೆ ಗಟ್ಟಿಯಾಗಿ ಕಲ್ಲಾಗಿತ್ತು. ಚಮಚೆಯ ಹಿಡಿಕೆಯಿಂದ ಕುಟ್ಟಿ ತೆಗೆಯಬೇಕಾಯಿತು.

ಹುಬ್ಬಳ್ಳಿಗೆ ವಿಡಿಯೋ ಕಾಲ್ ಮಾಡಿ ಅವ್ವನಿಗೆ ತೋರಿಸಿದೆ. ಆಕೆ ಬಿದ್ದುಬಿದ್ದು ನಕ್ಕಳು. "ಹಿಟ್ಟು, ಸಕ್ರಿ ಹಂಗ ಹಸೇದ ಕೊಟ್ಟಾರಂದ್ರ ಸೀದಾ ಕೊಟ್ಟಂಗಾತಲ್ಲೋ! ನೀ ಏನ್ ಅವರ ಮನಿ ಅಯ್ನೋರೇನು?"

ಸೀದಾ ಎಂದರೆ ಅಯ್ಯನವರಿಗೆ ಬೇಯಿಸದೆ ಹಸಿಯಾಗಿಯೇ ಕೊಡುವ ದಿನಸಿ. ನಗೆಯ ಮಾತಾದರೂ ಅವ್ವ ಸರಿಯಾದ ಜಾಗಕ್ಕೇ ಕೈ ಹಾಕಿದ್ದಳು. ಆಮೇಲೆ ಅಲ್ಲಿ ಕಳೆದ ಪ್ರತಿ ಡಿಸೆಂಬರ್‌ನಲ್ಲೂ ನಾನು ಆ ಬಾಟಲಿಯನ್ನೂ ನಮ್ಮೂರ ಸ್ಟೀಲ್ ಡಬ್ಬಿಯನ್ನೂ ಮನಸ್ಸಿನಲ್ಲೇ ಅಕ್ಕಪಕ್ಕ ಇಟ್ಟು ನೋಡುತ್ತ ಬಂದಿದ್ದೇನೆ.

ಆ ಬಾಟಲಿಗೆ ಮೇಸನ್ ಜಾರ್ ಎಂದು ಹೆಸರು. 1858ರಲ್ಲಿ ಜಾನ್ ಮೇಸನ್ ಎಂಬಾತ ತಿರುಪಿನ ಮುಚ್ಚಳಕ್ಕೆ ಹೊಂದುವ ಗಾಜಿನ ಬಾಯಿಗೆ ಪೇಟೆಂಟ್ ಪಡೆದ. ಬೇಸಿಗೆಯ ಹಣ್ಣು, ಕಾಯಿಪಲ್ಲೆ ಚಳಿಗಾಲಕ್ಕೆ ಉಳಿಯಲಿ ಎಂದು ಮಾಡಿದ್ದು. ಈಗ ಅದು ಕೈಕೆಲಸ ಬಾರದವರ ಪಾಲಿನ ಕಾಮಧೇನು. ಅದರಲ್ಲಿ ಕ್ವಾರ್ಟ್ ಅಳತೆಯದು ಒಂದು ಲೀಟರಿಗೆ ಸ್ವಲ್ಪ ಕಡಿಮೆ ಹಿಡಿಯುತ್ತದೆ. ಹಾಲಿನ ಪುಡಿ, ಕೋಕೋ, ಸಕ್ಕರೆ ತುಂಬಿದರೆ ಒಂದು ಉಡುಗೊರೆ. ಸೀಳಿದ ವೆನಿಲಾ ಕೋಡುಗಳನ್ನು ವೋಡ್ಕಾದಲ್ಲಿ ಎರಡು ತಿಂಗಳು ಮುಳುಗಿಸಿಟ್ಟರೆ ಇನ್ನೊಂದು. ಹೊಲಿಯುವುದಿಲ್ಲ, ಹೆಣೆಯುವುದಿಲ್ಲ, ಬಣ್ಣ ಬಳಿಯುವುದಿಲ್ಲ. ಅಳೆದು ತುಂಬಲು ಬಂದರೆ ಸಾಕು.

ನನ್ನಂಥವನಿಗೆ ಇದು ದೊಡ್ಡ ಸಮಾಧಾನ. ನಮ್ಮವ್ವ ಕಸೂತಿ ಹಾಕುವವಳು. ಬಟ್ಟೆಯ ಮೇಲೆ ಗೆರೆ ಬರೆಯದೆ, ಬರೀ ಎಳೆ ಎಣಿಸಿ, ಗಂಟು ಹಾಕದೆ ಗವಂತಿ, ಮುರಗಿ ಎಂಬ ಹೊಲಿಗೆಗಳಲ್ಲಿ ಗೋಪುರ, ತೇರು ಎಬ್ಬಿಸುತ್ತಾಳೆ. ತಿರುಗಿಸಿ ನೋಡಿದರೂ ಅದೇ ಗೋಪುರ. ಆಕೆಯ ಮಗನಾದ ನಾನು ಅಂಗಿಗೆ ಗುಂಡಿ ಹಚ್ಚಿದರೆ ಅಂಗಿ ತೊಟ್ಟಾಗ ಒಂದು ಭುಜ ಮೇಲೆ ಹೋಗುತ್ತದೆ.

ಅಲ್ಲಿಯ ಪದ್ಧತಿಯಲ್ಲಿ ನನಗೆ ಹಿಡಿಸಿದ್ದು ಬಾಟಲಿ ಹೋಗುವ ದಾರಿ. ಅದು ಬಸ್ ಡ್ರೈವರಿಗೆ ಹೋಗುತ್ತದೆ, ಟೀಚರಿಗೆ ಹೋಗುತ್ತದೆ, ಟಪಾಲಿನವರಿಗೂ ಹೋಗುತ್ತದೆ. ಟಪಾಲಿನವರಿಗೆ ನಗದು ಕೊಡುವಂತಿಲ್ಲ. ಒಂದು ಸಲಕ್ಕೆ 20 ಡಾಲರಿನೊಳಗಿನ ವಸ್ತುವನ್ನಷ್ಟೇ ಅವರು ತೆಗೆದುಕೊಳ್ಳಬಹುದು, ಇಡೀ ವರ್ಷಕ್ಕೆ ಒಬ್ಬರಿಂದ 50 ಡಾಲರ್ ಮೀರಬಾರದು ಎಂದು ಅಂಚೆ ಇಲಾಖೆಯ ನಿಯಮವೇ ಇದೆ. ಹಾಗಾಗಿ ಮನೆಯಲ್ಲಿ ತುಂಬಿದ ಬಾಟಲಿ ಅಲ್ಲಿ ಸರಿಯಾಗಿ ಹೊಂದುತ್ತದೆ. ನಮ್ಮಲ್ಲಿ ಟಪಾಲಿನವನಿಗೆ ದೀಪಾವಳಿಗೆ ನೋಟು, ಬೀಗರಿಗೆ ಡಬ್ಬಿ. ಡಬ್ಬಿ ಆ ಗೆರೆ ದಾಟಿದ್ದನ್ನು ನಾನು ನೋಡಿದ್ದು ಬಹಳ ಕಡಿಮೆ.

ಇನ್ನು ನಮ್ಮ ಡಬ್ಬಿ. ಅದನ್ನು ಯಾರೂ ಉಡುಗೊರೆ ಎನ್ನುವುದಿಲ್ಲ. "ಶೇಂಗಾ ಹೋಳಿಗಿ ಮಾಡಿದ್ವಿ, ನಾಕು ಕಳಸೀವಿ", ಅಷ್ಟೇ. ಮುಚ್ಚಳದ ಮೇಲೆ ಮನೆಯ ಹಿರಿಯರ ಹೆಸರು ಚುಕ್ಕಿ ಚುಕ್ಕಿಯಾಗಿ ಕೊರೆದಿರುತ್ತದೆ. ಆ ಹೆಸರು ಇರುವುದು ಅದು ತಿರುಗಿ ಬರಬೇಕೆಂದೇ. ಖಾಲಿ ಬರಬಾರದು, ಕೊನೆಗೆ ಒಂದು ಚಮಚೆ ಸಕ್ಕರೆಯಾದರೂ ಇರಬೇಕು. ಅಮೆರಿಕದ ಬಾಟಲಿ ಕೊಟ್ಟಲ್ಲಿಗೆ ಮುಗಿಯಿತು, ಬಾಟಲಿಯೂ ನಿಮ್ಮದೇ. ಮೊದಮೊದಲು ನಾನು ತೊಳೆದು, ಒಳಗೆ ಬಾದಾಮಿ ಹಾಕಿ ವಾಪಸು ಒಯ್ದಾಗ ಆ ಅಜ್ಜಿ ಗಾಬರಿಯಾದರು. ಕೊಟ್ಟದ್ದು ಇಷ್ಟವಾಗಲಿಲ್ಲವೇನೋ ಎಂದುಕೊಂಡರಂತೆ.

ಎರಡನೆಯ ವರ್ಷ ನಾನೂ ಬಾಟಲಿ ತುಂಬಲು ಕೂತೆ. ಹುಬ್ಬಳ್ಳಿಯವನು ಇನ್ನೇನು ಕೊಟ್ಟಾನು, ಶೇಂಗಾ ಚಟ್ನಿ. ಆಫೀಸಿನಲ್ಲಿ ಒಬ್ಬರು ಕೈಯಲ್ಲಿ ಹಿಡಿದು "ಇದರಲ್ಲಿ ಏನಿದೆ?" ಎಂದರು. ಹೇಳಿದ ಕೂಡಲೇ ಮೆಲ್ಲಗೆ ಮೇಜಿನ ಮೇಲಿಟ್ಟು ಕೈ ತೊಳೆಯಲು ಎದ್ದುಹೋದರು. ಅವರ ಮಗನಿಗೆ ಶೇಂಗಾ ಆಗುವುದಿಲ್ಲ, ಪುಡಿ ಬೆರಳಿಗೆ ಹತ್ತಿ ಮನೆಗೆ ಹೋದರೂ ಭಯ. ಸರಿ, ಎಳ್ಳಿನ ಚಟ್ನಿ ಮಾಡೋಣವೆಂದರೆ ಅಲರ್ಜಿಯ ಪದಾರ್ಥವೆಂದು ಲೇಬಲ್ ಮೇಲೆ ಬರೆಯಲೇಬೇಕಾದವುಗಳ ಪಟ್ಟಿಗೆ 2023ರ ಜನವರಿಯಿಂದ ಎಳ್ಳೂ ಸೇರಿದೆ, ಒಂಬತ್ತನೆಯದಾಗಿ. ಉಳಿದದ್ದು ಗುರೆಳ್ಳು. ಹುಡುಕುತ್ತ ಹೋದರೆ ಅದು ಸಿಕ್ಕಿದ್ದು ಹಕ್ಕಿಗಳ ಆಹಾರದ ಸಾಲಿನಲ್ಲಿ! ಗೋಲ್ಡ್‌ಫಿಂಚ್ ಎಂಬ ಹಳದಿ ಗುಬ್ಬಿಗೆ ಅದೆಂದರೆ ಪ್ರಾಣ. ಇಂಡಿಯಾದಿಂದ, ಇಥಿಯೋಪಿಯಾದಿಂದ ತರಿಸಿ, ಅಲ್ಲಿಯ ನೆಲದಲ್ಲಿ ಮೊಳೆಯದಂತೆ ಕಾಯಿಸಿ ಮಾರುತ್ತಾರೆ. ನಮ್ಮ ರೊಟ್ಟಿ ಊಟದ ಗುರೆಳ್ಳ ಚಟ್ನಿ ಅಲ್ಲಿ ಗುಬ್ಬಿಯ ಪಾಲು. ಕೊನೆಗೆ ಗೆದ್ದದ್ದು ಅಗಸಿ. ಅದನ್ನು ಅಲ್ಲಿ ಆರೋಗ್ಯದ ಹೆಸರಿನಲ್ಲಿ ದುಬಾರಿ ಪೊಟ್ಟಣದಲ್ಲಿ ಮಾರುತ್ತಾರೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ, ಹಾಗಾಗಿ ಅಜ್ಜಿಯ ಕಣ್ಣಲ್ಲಿ ನೀರು ಬರಲಿಲ್ಲ. ಬೇಯಿಸಿದ ಆಲೂಗಡ್ಡೆಯ ಮೇಲೆ ಉದುರಿಸಿಕೊಂಡು ತಿಂದೆ ಎಂದರು.

ಆಫೀಸಿನ ಆ ಶೇಂಗಾ ಪ್ರಸಂಗದಿಂದ ಚೀಟಿಯ ಬಗ್ಗೆ ನನ್ನ ನಗು ನಿಂತಿತು. ಒಳಗೆ ಏನಿದೆ, ಯಾವತ್ತು ಮಾಡಿದ್ದು, ಎಷ್ಟು ದಿನ ಇರುತ್ತದೆ: ಇದನ್ನು ನಾವು ಡಬ್ಬಿಯ ಮೇಲೆ ಬರೆಯುವುದೇ ಇಲ್ಲ. ಬರೆದರೆ ಯಾರಿಗಾದರೂ ಅವಮಾನವೇ?

ಈ ಡಿಸೆಂಬರ್‌ನಲ್ಲಿ ನಾನು ಹುಬ್ಬಳ್ಳಿಯಲ್ಲಿದ್ದೇನೆ. ನಮ್ಮ ಹಳೆಯ ಓಣಿಯಲ್ಲಿ ನನ್ನ ಸಾಲಿ ಗೆಳೆಯನ ಮನೆ ಇತ್ತು. ಕನ್ನಡದಲ್ಲೇ ಪ್ರಾರ್ಥನೆ ಮಾಡುವ ಹಳೆಯ ಮಿಶನ್ ಮನೆತನ. ಬಾಸೆಲ್ ಮಿಶನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ. ಎಷ್ಟೋ ತಲೆಮಾರು ಇಲ್ಲಿಯ ಜೋಳದ ರೊಟ್ಟಿಯನ್ನೇ ಉಂಡ ಜನ. ಗೆಳೆಯನ ಅಜ್ಜಿ ಇಳಕಲ್ ಸೀರೆ ಉಟ್ಟೇ ಚರ್ಚಿಗೆ ಹೋಗುತ್ತಿದ್ದಳು. ಕ್ರಿಸ್‌ಮಸ್ ದಿನ ಅವರ ಮನೆಯಿಂದ ತಾಟು ಬರುತ್ತಿತ್ತು: ಕರ್ಚಿಕಾಯಿ, ಚಕ್ಕಲಿ, ಶಂಕರಪಾಳಿ, ಬೇಕರಿಯಿಂದ ತಂದ ಕೇಕಿನ ಒಂದು ತುಂಡು, ಮೇಲೆ ಕ್ರೋಷಾ ಅಂಚಿನ ಬಟ್ಟೆ. ನಮ್ಮ ದೀಪಾವಳಿಯ ತಾಟಿಗೂ ಅದಕ್ಕೂ ವ್ಯತ್ಯಾಸ ಕೇಕ್ ಒಂದೇ.

ಆದರೆ ಅದು ಎಲ್ಲ ಮನೆಗೂ ಒಂದೇ ತೆರನಾಗಿ ಹೋಗುತ್ತಿರಲಿಲ್ಲ. ಯಾರು ತಿನ್ನುತ್ತಾರೆ, ಯಾರು ನಗುತ್ತ ತೆಗೆದುಕೊಂಡು ಕೆಲಸದವಳಿಗೆ ಕೊಡುತ್ತಾರೆ ಎಂಬುದು ಗೆಳೆಯನ ತಾಯಿಗೆ ಗೊತ್ತಿತ್ತು. ಎರಡು ಮನೆಗೆ ಆಕೆ ಬಾಳೆಹಣ್ಣು, ಸೀಲು ಒಡೆಯದ ಬಿಸ್ಕತ್ತಿನ ಪುಡಾ ಅಷ್ಟೇ ಕಳಿಸುತ್ತಿದ್ದಳು. ಆ ಪುಡಾ ಒಯ್ದು ಕೊಟ್ಟು ಬರುತ್ತಿದ್ದವರು ನಾವಿಬ್ಬರೇ. ಯಾಕೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅವ್ವ "ಸೀದಾ" ಎಂದಾಗ ನನಗೆ ನಗುವಿನ ಹಿಂದೆಯೇ ನೆನಪಾದದ್ದು ಇದು. ಬೇರೆಯವರ ಮನೆಯಲ್ಲಿ ಬೇಯಿಸಿದ್ದು ಉಣ್ಣದವರಿಗೆ ತಾನೆ ಹಸಿ ಹಿಟ್ಟು, ಬೇಳೆ ಕೊಡುವುದು.

ಈಗ ಆ ತೊಡಕೇ ಇಲ್ಲವೆಂಬಂತೆ ಎಲ್ಲರೂ ಡ್ರೈಫ್ರೂಟ್ ಬಾಕ್ಸ್‌ಗೆ ಬಂದಿದ್ದಾರೆ. ಹೊಳೆಯುವ ಕಾಗದ, ಒಳಗೆ ನಾಲ್ಕು ಮನೆ, ಮನೆಗೆ ಹತ್ತು ಗೋಡಂಬಿ. ಯಾರ ಕೈಯೂ ತಾಗಿರುವುದಿಲ್ಲ, ಯಾರೂ ಬೇಡವೆನ್ನುವಂತಿಲ್ಲ. ಒಂದೇ ಬಾಕ್ಸ್ ಐದು ಮನೆ ಸುತ್ತುತ್ತದೆ. ನನಗೆ ಇದರ ಮೇಲೆ ಸಿಟ್ಟಿದೆ, ಆದರೆ ಜೋರಾಗಿ ಬೈಯುವ ಹಕ್ಕಿಲ್ಲ. ನಮ್ಮ ಡಬ್ಬಿ ಅಗ್ಗವಾಗಿದ್ದದ್ದು ಅವ್ವನ ಬೆನ್ನುನೋವಿಗೆ ಯಾರೂ ರೊಕ್ಕ ಕೊಡದೆ ಇದ್ದದ್ದರಿಂದ. ಅಲ್ಲಿ ಬಾಟಲಿ ತುಂಬುವವರಲ್ಲಿ ಗಂಡಸರೂ ಇರುತ್ತಾರೆ, ಮಕ್ಕಳೂ ಇರುತ್ತಾರೆ. ನಮ್ಮ ಮನೆಯಲ್ಲಿ ನಾನು ಅಡುಗೆಮನೆಯ ಕಟ್ಟೆ ಮುಟ್ಟಿದ್ದು ಓಹಾಯೋಕ್ಕೆ ಹೋದ ಮೇಲೆ.

ಹಾಗಾಗಿ ಈ ಸಲ ಗೆಳೆಯನ ಮನೆಗೆ ನಾನೇ ಮಾಡಿಕೊಡುತ್ತೇನೆಂದು ಹಟ ಹಿಡಿದೆ. ಶೇಂಗಾ ಚಟ್ನಿ ಸುಲಭದ್ದು: ಪಾವಕಿಲೋ ಶೇಂಗಾ ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ಆರಿಸಿ, ಸಿಪ್ಪೆ ತಿಕ್ಕಿ ಊದಿ, ಬಳ್ಳೊಳ್ಳಿ, ಜೀರಿಗೆ, ಖಾರ, ಉಪ್ಪು ಹಾಕಿ ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಅದು ಸರಿಹೋಯಿತು.

ಧೈರ್ಯ ಬಂದು ಗಿರಮಿಟ್ ಬಾಟಲಿಗೆ ಕೈ ಹಾಕಿದೆ. ಆ ಅಮೆರಿಕದ ಅಜ್ಜಿಯ ಲೆಕ್ಕವೇ: ತಳದಲ್ಲಿ ಪುಠಾಣಿ ಹಿಟ್ಟು, ಅದರ ಮೇಲೆ ಉಪ್ಪು ಬೆರೆಸಿದ ಬ್ಯಾಡಗಿ ಖಾರ, ನಂತರ ಸೇವು, ಬಾಯಿಯವರೆಗೆ ಚುರಮುರಿ. ಭಾರದ್ದು ಕೆಳಗೆ, ಇಲ್ಲದಿದ್ದರೆ ಚುರಮುರಿ ಜಜ್ಜುತ್ತದೆ. ಮೊದಲ ಬಾಟಲಿ ಹಾಳಾಯಿತು. ಗರಿಗರಿಯಾಗಲೆಂದು ಚುರಮುರಿ ಬೆಚ್ಚಗೆ ಮಾಡಿ, ಬಿಸಿ ಇರುವಾಗಲೇ ಮುಚ್ಚಳ ಬಿಗಿದಿದ್ದೆ. ಬೆಳಗ್ಗೆ ನೋಡಿದರೆ ಗಾಜಿಗೆ ಬೆವರು, ಚುರಮುರಿ ಚರ್ಮದ ಹಾಗೆ. ಎರಡನೆಯ ಸಲ ಬಾಟಲಿಯನ್ನು ಮಾಳಿಗೆಯ ಬಿಸಿಲಲ್ಲಿ ಒಣಗಿಸಿ, ಚುರಮುರಿ ಆರಿದ ಮೇಲೆ ತುಂಬಿದೆ. ಹಳೆಯ ಉಪ್ಪಿನಕಾಯಿಯ ಬಾಟಲಿ, ಒಟ್ಟು ಖರ್ಚು ಒಂದು ಪ್ಲೇಟ್ ಮಿರ್ಚಿಯಷ್ಟು.

"ಗಿರಮಿಟ್ ಯಾರರ ಬಾಟ್ಲ್ಯಾಗ ಕೊಡ್ತಾರೇನೋ?" ಎಂದು ಅವ್ವ ಹಣೆ ಬಡಿದುಕೊಂಡಳು. ಆದರೂ ರಿಬ್ಬನ್ ಬದಲು ಕಸೂತಿಯ ದಾರದ ತುಂಡು ಹುಡುಕಿ ತಂದದ್ದು ಆಕೆಯೇ.

ನಾನು ಚೀಟಿ ಬರೆದೆ: "ಪುಠಾಣಿ ಹಿಟ್ಟು, ಖಾರ, ಉಪ್ಪು, ಸೇವು, ಚುರಮುರಿ. ಡಿಸೆಂಬರ್ 23ರಂದು ತುಂಬಿದ್ದು. ಉಳ್ಳಾಗಡ್ಡಿ, ಟೊಮ್ಯಾಟೊ, ಹುಣಸೆ-ಬೆಲ್ಲದ ಒಗ್ಗರಣೆ ನೀವು ಮಾಡಿಕೊಳ್ಳಿ, ತಿನ್ನುವ ಹೊತ್ತಿಗೇ ಕಲಸಿ. ಬಾಟಲಿ ತಿರುಗಿ ಕೊಡಬೇಕಾಗಿಲ್ಲ."

ಅವ್ವ ಕನ್ನಡಕ ಏರಿಸಿ ಒಂದೊಂದೇ ಸಾಲು ಓದಿದಳು. ಕತ್ತರಿ ತೆಗೆದುಕೊಂಡು ಕೊನೆಯ ಸಾಲನ್ನು ಕತ್ತರಿಸಿ ಹಾಕಿದಳು.

"ಹಂಗ್ಯಾಕ ಬರೀತಿ? ಬಾಟ್ಲಿ ಬರಲಿ."