ಬಾಟಲಿ ಮೇಲೆ ಮೂರಕ್ಷರ, ಉಳಿದದ್ದು ನಿಮ್ಮ ಹಣೆಬರಹ

ಲ್ಯಾಬಿನವರಿಗೆ ಮಾರ್ಕರ್ ಪೆನ್ನಿನ ಶಾಯಿ ಅಂದ್ರೆ ಎಲ್ಲಿಲ್ಲದ ಜಿಪುಣತನ. ಸಂಶೋಧನಾ ಪ್ರಬಂಧಕ್ಕೆ ಮೂರು ಸಾಲಿನ ಶೀರ್ಷಿಕೆ ಇಡುವ ಇದೇ ಜನ, ರಾಸಾಯನಿಕದ ಬಾಟಲಿಗೆ ಹೆಸರು ಬರೆಯೋಕೆ ಕೂತಾಗ ಮಾತ್ರ 'ಟಿಇಎ' ಅಂತ ಗೀಚಿ ಎದ್ದುಬಿಡುತ್ತಾರೆ.

ಟಿಇಎ ಅಂದ್ರೆ ಟ್ರೈಈಥೈಲಮೀನ್ ಇರಬಹುದು. ಥಟ್ಟನೆ ಹೊತ್ತಿಕೊಳ್ಳುತ್ತದೆ, ಚರ್ಮ ಸುಡುತ್ತದೆ. ಟ್ರೈಎಥನಾಲಮೀನೂ ಇರಬಹುದು, ಅದನ್ನು ಮುಖಕ್ಕೆ ಹಚ್ಚುವ ಕ್ರೀಮಿಗೂ ಹಾಕುತ್ತಾರೆ. 'ಎಎ' ಅಂತ ಬರೆದ ಬಿಳಿ ಪುಡಿ ಆಸ್ಕಾರ್ಬಿಕ್ ಆಸಿಡ್ ಆಗಿದ್ದರೆ ವಿಟಮಿನ್ ಸಿ, ಅಕ್ರಿಲಮೈಡ್ ಆಗಿದ್ದರೆ ನರಗಳಿಗೆ ವಿಷ. ನೋಡೋಕೆ ಎರಡೂ ಬಿಳಿಯೇ ಅಲ್ವಾ, ಊಹೆ ಮಾಡಿಕೊಳ್ಳಿ!

ಕಂಪನಿಯಿಂದ ಬರುವಾಗ ಬಾಟಲಿಗೆ ಯಾವ ಕೊರತೆಯೂ ಇರಲ್ಲ. ಲೇಬಲ್ ಹೇಗಿರಬೇಕು ಅಂತ ವಿಶ್ವಸಂಸ್ಥೆ 2003ರಲ್ಲೇ ಜಿಎಚ್‌ಎಸ್ ಪದ್ಧತಿ ಪ್ರಕಟಿಸಿದೆ. ಪೂರ್ತಿ ಹೆಸರು, ಕೆಂಪು ಚೌಕಟ್ಟಿನ ಚಿತ್ರ, ಎಚ್ಚರಿಕೆಯ ಮಾತು ಎಲ್ಲ ಇರುತ್ತದೆ. ಆಮೇಲೆ ಯಾರೋ ಅದರಿಂದ ಒಂದಿಷ್ಟನ್ನು ಚಿಕ್ಕ ಬಾಟಲಿಗೆ ಸುರಿದು, ಟೇಪ್ ಹರಿದು ಅಂಟಿಸಿ, ಎರಡಕ್ಷರ ಬರೆದು ಊಟಕ್ಕೆ ಹೋಗುತ್ತಾರೆ. ಟೇಪಿನ ಮೇಲೆ 'ಎಚ್‌ಎಫ್' ಅಂತಿದೆ, ಒಳಗೆ ನೀರಿನಂಥದ್ದೇ ದ್ರವ. ಸಂಜೆ ಟೇಬಲ್ ಒರೆಸೋಕೆ ಬಂದವರಿಗೆ ಅದು ಹೈಡ್ರೋಫ್ಲೋರಿಕ್ ಆಸಿಡ್ ಅಂತ ಹೇಗೆ ಗೊತ್ತಾಗಬೇಕು? ನೀರು ಬೆರೆಸಿ ತೆಳುವಾಗಿಸಿದ್ದರೆ ಕೈ ಮೇಲೆ ಬಿದ್ದಾಗ ಉರಿಯೂ ಆಗದೇ ಇರಬಹುದು. ಅದು ಸದ್ದಿಲ್ಲದೆ ಚರ್ಮದೊಳಗೆ ಇಳಿದು ಮೈಯ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ, ನೋವು ಶುರುವಾಗೋದು ಗಂಟೆಗಳಾದ ಮೇಲೆ. ತಕ್ಷಣ ತೊಳೆದು ಹಚ್ಚೋಕೆ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಇದೆ ನಿಜ, ಆದರೆ ಬಿದ್ದದ್ದು ಏನು ಅಂತ ಗೊತ್ತಿದ್ದವರಿಗೆ ತಾನೇ ಅದು ನೆನಪಾಗೋದು?

ಕೇಳಿದರೆ ಉತ್ತರ ರೆಡಿ: "ನಮ್ಮ ಲ್ಯಾಬಲ್ಲಿ ಎಲ್ಲರಿಗೂ ಗೊತ್ತು ಬಿಡಿ." ಆ ಎಲ್ಲರಲ್ಲಿ ಕಸ ಗುಡಿಸುವವರು ಇಲ್ಲ, ನಿನ್ನೆ ಸೇರಿದ ವಿದ್ಯಾರ್ಥಿ ಇಲ್ಲ, ಬೆಂಕಿ ಆರಿಸೋಕೆ ಬರುವವರಂತೂ ಇಲ್ಲವೇ ಇಲ್ಲ. ಕೆಲವು ಕಡೆ ಯಾವ ಅಕ್ಷರಕ್ಕೆ ಯಾವ ರಾಸಾಯನಿಕ ಅಂತ ಪಟ್ಟಿ ಮಾಡಿ ಗೋಡೆಗೆ ಹಚ್ಚಿರುತ್ತಾರೆ. ಒಳಗಡೆ ಗೋಡೆಗೆ. ಹೊಗೆ ತುಂಬಿದಾಗ ಅಗ್ನಿಶಾಮಕದವರು ಸಾವಕಾಶವಾಗಿ ಓದಿಕೊಳ್ಳಲಿ ಅಂತ.

ಇಷ್ಟೆಲ್ಲ ಆದಮೇಲೆ ಸುರಕ್ಷತಾ ಸಮಿತಿ ಎಚ್ಚೆತ್ತು ಸುತ್ತೋಲೆ ಹೊರಡಿಸುತ್ತದೆ: "ಪಿಪಿಇ ಧರಿಸಿ, ಎಸ್‌ಒಪಿ ಪಾಲಿಸಿ, ಸಂದೇಹ ಬಂದರೆ ಎಸ್‌ಡಿಎಸ್ ನೋಡಿ." ಅಂದ್ರೆ ಕೈಗವಸು, ಕನ್ನಡಕದಂಥ ರಕ್ಷಣೆ ಹಾಕಿಕೊಳ್ಳಿ, ನಿಗದಿತ ಕ್ರಮದಲ್ಲೇ ಕೆಲಸ ಮಾಡಿ, ಸಂದೇಹ ಬಂದರೆ ಆ ರಾಸಾಯನಿಕದ ಸುರಕ್ಷತಾ ಮಾಹಿತಿ ಹಾಳೆ ನೋಡಿ ಅಂತ. ಆ ಎಸ್‌ಡಿಎಸ್ ಹಾಳೆಗಳನ್ನು ಫೈಲಿನಲ್ಲಿ ಜೋಡಿಸಿರೋದು ರಾಸಾಯನಿಕದ ಪೂರ್ತಿ ಹೆಸರಿನ ಪ್ರಕಾರ.