ಶತಪಥ

ಕೆಳಗಿನ ಮನೆಯವರು ಮೊನ್ನೆ ಲಿಫ್ಟಿನಲ್ಲಿ ಸಿಕ್ಕಿ, "ರಾತ್ರಿ ಹೊತ್ತು ನಿಮ್ಮನೇಲಿ ಯಾರೋ ಒಂದೇ ಸಮ ಓಡಾಡ್ತಿರ್ತಾರಲ್ಲ, ಯಾರಿಗಾದ್ರೂ ಹುಷಾರಿಲ್ವಾ?" ಅಂದರು. ದನಿಯಲ್ಲಿ ಕಳಕಳಿಗಿಂತ ನೋಟೀಸೇ ಜಾಸ್ತಿಯಿತ್ತು. ಯೋಚನೆ ಮಾಡ್ತಿರ್ತೀನಿ ಸ್ವಾಮಿ ಎಂದರೆ ನಂಬುವ ಪೈಕಿ ಅವರಲ್ಲ. ಅವರ ಮಿಕ್ಸಿ ಬೆಳಗಿನ ಜಾವಕ್ಕೇ ಗುಡುಗುತ್ತದೆ. ಅದಕ್ಕೆ ಹುಷಾರಿದೆಯಾ ಅಂತ ನಾನೆಂದಾದರೂ ಕೇಳಿದ್ದುಂಟೆ?

ಕೂತರೆ ನನಗೆ ತಲೆ ಓಡುವುದಿಲ್ಲ. ಶಾಲೆಯಲ್ಲಿ ಕೈಕಟ್ಟಿ ಬಾಯಿಮುಚ್ಚಿ ಕೂರಿಸಿದಷ್ಟು ವರ್ಷವೂ ಸ್ವಂತದ್ದೊಂದು ಹೊಳೆದ ನೆನಪಿಲ್ಲ. 2014ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಬ್ಬರು ಸಂಶೋಧಕರು, ಖಾಲಿ ಗೋಡೆ ನೋಡುತ್ತ ಟ್ರೆಡ್‌ಮಿಲ್ ಮೇಲೆ ನಡೆದವರಿಗೂ ಕೂತವರಿಗಿಂತ ಹೆಚ್ಚು ಹೊಸ ಐಡಿಯಾ ಬರುತ್ತವೆಂದು ತೋರಿಸಿದರು. ಗೋಡೆಯೇ ಸಾಕೆಂದ ಮೇಲೆ ನನ್ನ ನಡುಮನೆ ಧಾರಾಳವಾಯಿತು. ಒಂದೇ ಉತ್ತರವಿರುವ ಒಗಟುಗಳಲ್ಲಿ ಮಾತ್ರ ನಡೆದವರು ಚೂರು ಹಿಂದೆ ಬಿದ್ದರಂತೆ. ಆ ಸಾಲನ್ನು ನಾನು ಬೇಗ ದಾಟಿದೆ.

ಡಬ್ಲಿನ್ನಿನ ಗಣಿತಜ್ಞ ವಿಲಿಯಂ ಹ್ಯಾಮಿಲ್ಟನ್ ಪುಣ್ಯವಂತ, ಅವನಿಗೆ ಕೆಳಗಿನ ಮನೆಯವರ ಕಾಟವಿರಲಿಲ್ಲ. ಮೂರು ಮೂರು ಸಂಖ್ಯೆಗಳ ಗುಂಪನ್ನು ಗುಣಿಸುವುದು ಹೇಗೆಂದು ತಲೆಕೆಡಿಸಿಕೊಂಡಿದ್ದ. ತಿಂಡಿಗೆ ಬಂದಾಗೆಲ್ಲ ಮಕ್ಕಳು "ಅಪ್ಪ, ಗುಣಿಸೋಕೆ ಬಂತಾ?" ಎನ್ನುವರು. "ಇಲ್ಲ, ಕೂಡೋದು ಕಳೆಯೋದಷ್ಟೇ" ಎಂದು ಇವನು ತಲೆಯಾಡಿಸುವನು. ಮನೆಯಲ್ಲೇ ಇಂಥ ಆಡಿಟ್! 1843ರ ಅಕ್ಟೋಬರ್ 16ರಂದು ಒಂದು ಮೀಟಿಂಗಿಗೆಂದು ಹೆಂಡತಿ ಹೆಲೆನ್ ಜತೆ ರಾಯಲ್ ಕಾಲುವೆಯ ದಂಡೆಯಲ್ಲಿ ನಡೆದು ಹೋಗುವಾಗ ಹೊಳೆದುಬಿಟ್ಟಿತು: ಮೂರರಿಂದಾಗದು, ನಾಲ್ಕು ಬೇಕು. ಕ್ವಾಟರ್ನಿಯನ್ ಎಂಬ ನಾಲ್ಕು ನಾಲ್ಕರ ಗುಂಪಿನ ಸಂಖ್ಯೆಗಳು ಹುಟ್ಟಿದ್ದು ಹಾಗೆ. ಚಾಕು ತೆಗೆದು ಬ್ರೂಮ್ ಸೇತುವೆಯ ಕಲ್ಲಿನ ಮೇಲೆ ಸಮೀಕರಣ ಕೊರೆದೇಬಿಟ್ಟ. ನಮ್ಮ ಹುಡುಗನೊಬ್ಬ ಕೋಟೆ ಗೋಡೆಗೆ ಹುಡುಗಿಯ ಹೆಸರು ಕೊರೆದರೆ ದಂಡ. ಇವನಿಗೆ ಫಲಕ, ಅದೂ ಸಾಕ್ಷಾತ್ ಐರ್ಲೆಂಡಿನ ಪ್ರಧಾನಿ ಡಿ ವೆಲೆರಾ ಕೈಯಿಂದ, 1958ರಲ್ಲಿ.

ಫಲಕದಲ್ಲಿ ಹೆಲೆನ್ ಇಲ್ಲ. ಅವಳು ಆಗಾಗ ಮಾತಾಡುತ್ತಿದ್ದರೂ ಒಳಗೊಳಗೇ ಯೋಚನೆ ಹರಿಯುತ್ತಿತ್ತು ಎಂದು ಮುಂದೆ ಮಗನಿಗೆ ಬರೆದ ಕಾಗದದಲ್ಲಿ ಒಪ್ಪಿಕೊಂಡಿದ್ದಾನೆ ಮಹಾನುಭಾವ. ಅವಳು ಆಡಿದ್ದೇನು ಅನ್ನುವುದು ಮಾತ್ರ ಆ ಕಾಗದದಲ್ಲಿಲ್ಲ. ಪಕ್ಕದಲ್ಲೇ ನೀರು, ಇವನ ಕಣ್ಣು ನಾಲ್ಕನೆಯ ಆಯಾಮದಲ್ಲಿ. "ರೀ, ಈ ಕಡೆ ಬನ್ನಿ" ಅಂತಲೇ ಇರಬೇಕು.

ಈಗ ಅದೇ ತಾರೀಖಿಗೆ ಗಣಿತದವರು ಅವನ ಮನೆಯಿದ್ದ ಡನ್‌ಸಿಂಕ್ ವೀಕ್ಷಣಾಲಯದಿಂದ ಆ ಸೇತುವೆವರೆಗೆ ಮೆರವಣಿಗೆಯಂತೆ ನಡೆಯುತ್ತಾರೆ. ಅಷ್ಟು ಜನ, ಅಷ್ಟು ವರ್ಷ ನಡೆದೂ ಸೇತುವೆಗೆ ಎರಡನೆಯ ಸಮೀಕರಣ ಬಿದ್ದ ಸುದ್ದಿ ನನ್ನ ಕಿವಿಗೆ ಬಿದ್ದಿಲ್ಲ.